ತಾಲ್ಲೂಕು ಊರಿನಲ್ಲಿ ಸಾರ್ವಜನಿಕ ಉಪನ್ಯಾಸ ಮಾಲೆ: ಊರಿನವರು ಬರುವಂತೆ ಮಾಡುವುದು ಹೇಗೆ?

ವರದಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನ ಪ್ರಥಮ ದರ್ಜೆ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುತ್ತೇನೆ. ಈ ವರ್ಷ ‘ಕಲೆ, ಮಾಧ್ಯಮ, ಸಮಾಜ’ ಅನ್ನುವ ವಿಷಯದ ಮೇಲೆ ತಿಂಗಳಿಗೊಂದು ಸಾರ್ವಜನಿಕ ಉಪನ್ಯಾಸ ಏರ್ಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನೇ ಪ್ರಿನ್ಸಿಪಾಲರ ಬೆನ್ನು ಬಿದ್ದು ಕೇಳಿ ಪಡೆದ ಕೆಲಸ. ದುಡ್ಡು ಕಡಿಮೆ. ಬರುವವರ ಪ್ರಯಾಣದ ಖರ್ಚು, ಸಣ್ಣ ಗೌರವಧನ, ಚಹಾ, ಇಷ್ಟಕ್ಕೆ ಸರಿಹೋಗುತ್ತದೆ.

ನನಗಿರುವ ಆಸೆ ಒಂದೇ, ಊರಿನ ಜನ ಬರಬೇಕು. ಹುಡುಗರೂ ಬರಲಿ, ಆದರೆ ಹಾಜರಿಗೋಸ್ಕರ ಬರುವುದು ಬೇಡ. ನಮ್ಮೂರಿನ ಬಸ್‌ಸ್ಟ್ಯಾಂಡಿನಿಂದ ಕಾಲೇಜಿನ ತನಕ ನಡೆದು ಬಂದರೆ ಎರಡು ಫೋಟೋ ಸ್ಟುಡಿಯೊ, ಒಂದು ಫ್ಲೆಕ್ಸ್ ಅಂಗಡಿ, ಅದರ ಪಕ್ಕದಲ್ಲೇ ಬ್ರಷ್ ಹಿಡಿದು ಬೋರ್ಡು ಬರೆಯುವ ಕೊನೆಯ ಪೇಂಟರ್, ಬ್ಯಾಂಡ್ ಕಂಪನಿಯವರ ಕೋಣೆ, ಬೆಳಿಗ್ಗೆ ಪೇಪರ್ ವಿಂಗಡಿಸುವ ಏಜೆಂಟರ ಕಟ್ಟೆ ಸಿಗುತ್ತವೆ. ಹಿಂದಿನ ಓಣಿಯಲ್ಲಿ ದೊಡ್ಡಾಟ ಕಲಿಸುವ ಮಾಸ್ತರರಿದ್ದಾರೆ. ಕಲೆ, ಮಾಧ್ಯಮ ಅನ್ನುವುದರ ನಡುವೆಯೇ ಇವರ ಬದುಕು ನಡೆದಿದೆ. ಇವರನ್ನು ಹೊರಗಿಟ್ಟು ಇದೇ ವಿಷಯದ ಮೇಲೆ ಉಪನ್ಯಾಸ ಮಾಡಿಸಲು ನನಗೆ ಮನಸ್ಸಿಲ್ಲ.

ಸಾಮಾನ್ಯವಾಗಿ ಇಂಥವು ಹೇಗೆ ನಡೆಯುತ್ತವೆ ಅಂತ ನಿಮಗೆಲ್ಲ ಗೊತ್ತು. ಆಮಂತ್ರಣದಲ್ಲಿ ಹನ್ನೊಂದು ಗಂಟೆ, ಪ್ರಾರ್ಥನಾ ಗೀತೆ ಶುರುವಾಗುವುದು ಹನ್ನೆರಡಕ್ಕೆ. ದೀಪ, ಸ್ವಾಗತ, ಪ್ರಾಸ್ತಾವಿಕ, ಪರಿಚಯ, ಶಾಲು, ಹಾರ, ಹಣ್ಣಿನ ಬುಟ್ಟಿ, ವೇದಿಕೆ ಮೇಲಿರುವ ಒಬ್ಬೊಬ್ಬರ ‘ಎರಡು ಮಾತು’. ಉಪನ್ಯಾಸಕರ ಕೈಗೆ ಮೈಕ್ ಬರುವ ಹೊತ್ತಿಗೆ ಊಟದ ಹೊತ್ತಾಗಿರುತ್ತದೆ, ಪ್ರಶ್ನೋತ್ತರವನ್ನು ‘ಸಮಯದ ಅಭಾವದಿಂದ’ ಕೈಬಿಡುತ್ತಾರೆ. ದೂರದಿಂದ ಬಂದ ಒಳ್ಳೆಯ ವಿದ್ವಾಂಸರೊಬ್ಬರು ಹದಿನೈದು ನಿಮಿಷ ಮಾತಾಡಿ ಕಾರು ಹತ್ತಿದ್ದನ್ನು ನೋಡಿ ನನಗೆ ಅಳು ಬಂದಿತ್ತು.

ಯಾವ ಹೊತ್ತು, ಯಾವ ಜಾಗ, ಎಂಥ ವಿಷಯ ಅಂತ ನಿಮ್ಮ ಅನುಭವ ಹೇಳಿ. ಹಿಂದೆ ವಿಶ್ವವಿದ್ಯಾಲಯದವರು ಹಳ್ಳಿಗಳಿಗೆ ಹೋಗಿ ಪ್ರಚಾರೋಪನ್ಯಾಸ ಮಾಡುತ್ತಿದ್ದರಂತೆ. ಅದನ್ನು ಬಲ್ಲವರಿದ್ದರೆ ದಯವಿಟ್ಟು ಬರೆಯಿರಿ.

ಹಳೆಹೊತ್ತಿಗೆ ಉತ್ತರಿಸಿದ್ದು:

ಮೇಡಂ, ನಾನು ಮೈಸೂರಿನವನು. ಕಾಲೇಜು ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಪ್ರಚಾರೋಪನ್ಯಾಸ ಮಾಲೆಯ ಪುಸ್ತಿಕೆಗಳನ್ನು ಹಳೇ ಪುಸ್ತಕದಂಗಡಿಗಳಲ್ಲಿ, ರದ್ದಿ ತೂಕ ಹಾಕುವವರ ಹತ್ತಿರ ಹುಡುಕಿ ಕೂಡಿಟ್ಟಿದ್ದೇನೆ. ನೀವು ಅದರ ಹೆಸರೆತ್ತಿದ್ದು ನೋಡಿ ಬಹಳ ಸಂತೋಷವಾಯಿತು. ಉತ್ತರ ಸ್ವಲ್ಪ ಉದ್ದವಾದೀತು.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಅಂದು ಪಾಠಗಳೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ಕಂದಾಯ ಕಟ್ಟುವವನಿಗೆ ಆ ವಿದ್ಯೆಯಲ್ಲಿ ಏನು ಪಾಲು ಎಂದು ಕೇಳಿದವರು ಆಗಲೂ ಇದ್ದರು. 1930ರ ದಶಕದ ಹೊತ್ತಿಗೆ ಕಾಲೇಜಿನ ಅಧ್ಯಾಪಕರು ತಾಲ್ಲೂಕು ಕೇಂದ್ರಗಳಿಗೆ, ಹಳ್ಳಿಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡುವ ಪದ್ಧತಿ ಬೆಳೆಯಿತು. ವಿಜ್ಞಾನ, ಆರೋಗ್ಯ, ಚರಿತ್ರೆ, ಅರ್ಥಶಾಸ್ತ್ರ, ಸಾಹಿತ್ಯ, ಎಲ್ಲವೂ ಇತ್ತು. ಆಡಿದ ಮಾತನ್ನೇ ಆಮೇಲೆ ಸಣ್ಣ ಪುಸ್ತಕ ಮಾಡಿ ಅಗ್ಗದ ಬೆಲೆಗೆ ಕೊಡುತ್ತಿದ್ದರು. 1956ರಿಂದ 1960ರವರೆಗೆ ಕುವೆಂಪು ಉಪಕುಲಪತಿಯಾಗಿದ್ದಾಗ ವಿಶ್ವವಿದ್ಯಾನಿಲಯದ ಕೆಲಸವನ್ನು ಅಧ್ಯಯನಾಂಗ, ಸಂಶೋಧನಾಂಗ, ಪ್ರಸಾರಾಂಗ ಎಂದು ಮೂರಾಗಿ ವಿಂಗಡಿಸಿದರು. ಜನರ ಹತ್ತಿರ ಹೋಗುವುದು ಪುರಸೊತ್ತಾದಾಗ ಮಾಡುವ ಉಪಕಾರವಲ್ಲ, ಪಾಠ ಮತ್ತು ಸಂಶೋಧನೆಯ ಸಮಕ್ಕೆ ನಿಲ್ಲುವ ಕೆಲಸ ಎಂದು ಸ್ಥಾನ ಕೊಟ್ಟರು. ಕನ್ನಡನಾಡಿನ ವಿದ್ಯಾಭ್ಯಾಸದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಇವತ್ತು ಪ್ರಸಾರಾಂಗ ಎಂದರೆ ಪುಸ್ತಕ ಮಾರುವ ಕೌಂಟರು ಎಂದಷ್ಟೇ ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತು. ಅದಕ್ಕೇ ನಿಮ್ಮಂಥವರು ಬೇಕು.

ಈಗ ನಿಮ್ಮ ಕೆಲಸಕ್ಕೆ ಬರುವ ಮಾತಿಗೆ ಬರುತ್ತೇನೆ. ನನ್ನ ಬಳಿ ಇರುವ ಪುಸ್ತಿಕೆಗಳಲ್ಲಿ ಒಂದನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಅಂಗಿ ಜೇಬಿಗೆ ಹಿಡಿಸುವಷ್ಟು ಚಿಕ್ಕದು. ರಟ್ಟಿಲ್ಲ, ಮಾಸಲು ಬಣ್ಣದ ದಪ್ಪ ಕಾಗದದ ಹೊದಿಕೆ, ಬೆನ್ನಿಗೆ ಎರಡು ಪಿನ್ನು. ಪಿನ್ನಿನ ತುಕ್ಕು ನಡುವಿನ ನಾಲ್ಕು ಹಾಳೆಗೆ ಇಳಿದಿದೆ. ವಿಷಯ ನೀರು ಮತ್ತು ಆರೋಗ್ಯ. ಒಂದು ಕಡೆ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ‘ನಮ್ಮೂರ ಕಟ್ಟೆ?’ ಎಂದು ಯಾರೋ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಓದಿದವರು ಮೇಷ್ಟರೋ ಶ್ಯಾನುಭೋಗರೋ ತಿಳಿಯದು, ಓದುತ್ತಿರುವಾಗ ಅವರ ಮನಸ್ಸು ತಮ್ಮ ಊರಿನ ಕಟ್ಟೆಗೆ ಹೋಗಿದೆ. ನಿಮ್ಮ ಉಪನ್ಯಾಸ ಕೇಳಿದವರಿಗೂ ಹಾಗೆ ಆಗಬೇಕು.

ಆ ಹಳಬರು ಬರೆದ ಕ್ರಮ ಗಮನಿಸಿ. ಮೊದಲನೇ ಪುಟದಲ್ಲಿ ವ್ಯಾಖ್ಯಾನ ಇರುವುದಿಲ್ಲ. ಕೇಳುವವನು ಕಣ್ಣಾರೆ ಕಂಡ ಒಂದು ವಸ್ತು ಇರುತ್ತದೆ, ಅದನ್ನು ಸುತ್ತುಮುತ್ತಲಿಂದ ತೋರಿಸಿ, ಆಮೇಲೆ ಅದರೊಳಗಿನ ಶಾಸ್ತ್ರಕ್ಕೆ ಇಳಿಯುತ್ತಾರೆ. ಒಂದು ಗಂಟೆಯಲ್ಲಿ ಗಟ್ಟಿಯಾಗಿ ಓದಿ ಮುಗಿಸಬಹುದು. ವಿದೇಶಿ ಪಂಡಿತರ ಹೆಸರು ಬಂದರೂ ಅವರು ಹೇಳಿದ ಮಾತು ಯಾಕೆ ಬೇಕು ಎಂದು ಗೊತ್ತಾದ ಮೇಲೆ ಬರುತ್ತದೆ. ನಮ್ಮ ಈಗಿನ ಮಾಧ್ಯಮ ಉಪನ್ಯಾಸಗಳು ಶುರುವಾಗುವುದೇ ಪಂಡಿತರ ಹೆಸರುಗಳಿಂದ. ಬೋರ್ಡು ಬರೆಯುವ ಪೇಂಟರ್ ಅಲ್ಲಿಗೇ ಎದ್ದು ಹೋಗುತ್ತಾರೆ, ಹೋಗುವುದು ಸರಿಯೇ.

ಮಾಧ್ಯಮದ ವಿಷಯಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ರೇಡಿಯೊ ಶುರುವಾದದ್ದು ಸರ್ಕಾರಿ ಕಟ್ಟಡದಲ್ಲಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ನಡೆಸಿದರು. ಅದೇ ಮುಂದೆ ಮೈಸೂರು ಆಕಾಶವಾಣಿಯಾಗಿ ಬೆಳೆಯಿತು. ಮನುಷ್ಯನ ಮನಸ್ಸನ್ನು ಓದುವ ಅಧ್ಯಾಪಕರೊಬ್ಬರಿಗೆ ತಮ್ಮ ಕ್ಲಾಸಿನ ಗೋಡೆ ದಾಟಬೇಕು ಅನ್ನಿಸಿತು, ಕೈಯಿಂದ ಖರ್ಚು ಮಾಡಿ ದಾಟಿದರು. ಸಾರ್ವಜನಿಕ ಉಪನ್ಯಾಸ ಅಂದರೆ ನನಗೆ ನೆನಪಾಗುವುದು ಇವರು.

ನಿಮ್ಮ ಜಿಲ್ಲೆಯದೇ ಇನ್ನೊಂದು ಸಂಗತಿ ಹೇಳುತ್ತೇನೆ. ಕಾದಂಬರಿಕಾರ ಗಳಗನಾಥರ ಊರು ನಿಮ್ಮ ಹಾವೇರಿ ತಾಲ್ಲೂಕಿನದು. ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಡುತ್ತಿತ್ತು, ಅದನ್ನು ಅವರು ನಡೆಸಿಕೊಂಡು ಬಂದರು. ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಓದುವ ಅಭ್ಯಾಸವೇ ಇಲ್ಲದ ಕಡೆ ಓದುಗರನ್ನು ಹುಟ್ಟಿಸುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಒಂದು ಉಪನ್ಯಾಸ ಅಗಡಿಯಲ್ಲೇ ಮಾಡಿ, ನಿಮ್ಮ ಪೇಪರ್ ಏಜೆಂಟರನ್ನು ಮೊದಲನೇ ಸಾಲಿನಲ್ಲಿ ಕೂರಿಸಿ. ಬೆಳಿಗ್ಗೆ ನಾಲ್ಕು ಗಂಟೆಗೆ ಬಂಡಲ್ ಬಿಚ್ಚುವವರಿಗೆ ಗಳಗನಾಥರ ಕಷ್ಟ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ.

ಒಂದು ಕೋರಿಕೆ. ಎಷ್ಟೇ ಕಷ್ಟವಾದರೂ ಪ್ರತಿ ಉಪನ್ಯಾಸವನ್ನು ಅಚ್ಚು ಹಾಕಿಸಿ. ಎರಡು ಫಾರಂ, ಅಂದರೆ ಮೂವತ್ತೆರಡು ಪುಟ ಸಾಕು. ಒಂದೇ ಬಣ್ಣ, ಪಿನ್ನು ಹೊಡೆದ ಬೈಂಡಿಂಗು. ಆಡಿದ ಮಾತು ಗಾಳಿಗೆ ಹೋಗದೆ ಮನೆಗೆ ಹೋಗಬೇಕು.

ಸುದ್ದಿಮನೆ ಉತ್ತರಿಸಿದ್ದು:

ಬೆಂಗಳೂರಿನಲ್ಲಿ ಸುದ್ದಿವಾಹಿನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಹಿರಿಯರ ಮಾತಿಗೆ ಗೌರವವಿದೆ, ಆದರೂ ಕೇಳುತ್ತೇನೆ: ಈ ಕಾಲದಲ್ಲಿ ಹಾಲ್ ಯಾಕೆ, ಕುರ್ಚಿ ಯಾಕೆ, ಪುಸ್ತಿಕೆ ಯಾಕೆ? ವಿದ್ವಾಂಸರನ್ನು ಕೂರಿಸಿ ಒಳ್ಳೆಯ ಬೆಳಕಿನಲ್ಲಿ ಇಪ್ಪತ್ತು ನಿಮಿಷದ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಿ. ನಿಮ್ಮ ಪೇಂಟರ್ ರಾತ್ರಿ ಮಲಗುವ ಮುನ್ನ ಫೋನಿನಲ್ಲಿ ನೋಡುತ್ತಾರೆ. ಅಂಗಡಿ ಬಾಗಿಲು ಹಾಕಿ ಬರಬೇಕಾಗಿಲ್ಲ, ಕೂಲಿ ಕಳೆದುಕೊಳ್ಳಬೇಕಾಗಿಲ್ಲ. ಹೆಣ್ಣುಮಕ್ಕಳಿಗಂತೂ ಇದೇ ಅನುಕೂಲ, ಸಂಜೆ ಮನೆ ಬಿಟ್ಟು ಬರುವುದು ಎಲ್ಲರಿಗೂ ಸಾಧ್ಯವಿಲ್ಲ. ಜನರ ಹತ್ತಿರ ಹೋಗುವುದೇ ಗುರಿಯಾದರೆ ಜನ ಈಗ ಇರುವುದು ಫೋನಿನಲ್ಲಿ.

ಸೌಂಡ್‌ಸಿಸ್ಟಂ ಧಾರವಾಡ ಉತ್ತರಿಸಿದ್ದು:

ಮೇಡಮ್ಮಾರ, ನಮಸ್ಕಾರ ರೀ. ನಂದು ಮೈಕ್‌ಸೆಟ್ ಬಾಡಿಗಿ ಕೊಡೋ ಧಂದೆ. ಧಾರವಾಡದಾಗ ಉಪನ್ಯಾಸಕ್ಕೇನು ಬರಗಾಲ ಇಲ್ಲ. ದತ್ತಿ ಉಪನ್ಯಾಸ ಅಂದ್ರ ವಾರಕ್ಕೊಂದರೆ ಇರ್ತದ. ಮೈಕ್ ಹಚ್ಚಿ ಮೂಲ್ಯಾಗ ಕುಂತು ಕೇಳಿ ಕೇಳಿನ ನಾ ನಾಲ್ಕ ಅಕ್ಷರ ಕಲತೇನಿ.

ಫೋನ್‌ನ್ಯಾಗ ನೋಡ್ಲಿ ಅಂತ ಮ್ಯಾಲಿನವರು ಬರದಾರ. ಖರೇ, ನೋಡ್ತಾರ. ಆದ್ರ ಫೋನಿಗೆ ತಿರುಗಿ ಪ್ರಶ್ನೆ ಕೇಳ್ಲಿಕ್ಕೆ ಬರೂದಿಲ್ಲ. ನಾ ಕಂಡಂಗ ಉಪನ್ಯಾಸದಾಗ ಜೀವ ಬರೂದು ಕಡೀಕ ಹಿಂದಿನ ಸಾಲಿನವ ಎದ್ದು ‘ಅಲ್ರೀ ಸರ, ನೀವು ಹೇಳಿದ್ದು ನಮ್ಮ ಕಡೆ ಹಂಗಿಲ್ಲ’ ಅಂದಾಗ. ಆವಾಗ ಭಾಷಣ ಮಾಡೋರು ಕಾಗದ ಕೆಳಗಿಟ್ಟು ಖರೇನ ಮಾತಾಡ್ತಾರ.

ಹಂಗಾಗಿ ನನ್ನ ಕೆಲಸದ ಮಾತ ಹೇಳ್ತೇನಿ. ತಗಡಿನ ಮಾಡಿನ ಹಾಲ್ ಇದ್ರ ಮಳೀಗಾಲದಾಗ ಬ್ಯಾಡ್ರಿ, ಮಳಿ ಬಿತ್ತಂದ್ರ ಏನೂ ಕೇಳ್ಸೂದಿಲ್ಲ. ಬಾಕ್ಸ್ ಸ್ಟೇಜ್ ಮ್ಯಾಲೆ ಮೈಕಿನ ಹಿಂದ ಇಡಬ್ಯಾಡ್ರಿ, ಸೀಟಿ ಹೊಡೀತದ. ಸ್ಟೇಜಿನ ಮುಂದ ಎರಡೂ ಕಡೆ ಸ್ಟ್ಯಾಂಡಿನ ಮ್ಯಾಲೆ, ಕುಂತವರ ತಲಿಗಿಂತ ಒಂದ ಮೊಳ ಮ್ಯಾಲೆ ಇರ್ಲಿ. ಖಾಲಿ ಹಾಲಿನ್ಯಾಗ ಧ್ವನಿ ಗುಂಯ್ ಅಂದ್ರ ಹಿಂದಿನ ಗ್ವಾಡಿಗೆ ಎರಡ ಜಮಖಾನಿ ಇಳಿಬಿಡ್ರಿ. ಮುಖ್ಯ ಅಂದ್ರ ಕಾರ್ಡ್‌ಲೆಸ್ ಮೈಕ್ ಒಂದು ಜಾಸ್ತಿ ತರಸ್ರಿ, ಅದನ್ನ ಒಬ್ಬ ಹುಡುಗೀ ಕೈಯಾಗ ಕೊಟ್ಟು ಜನರ ನಡುವ ತಿರಗಾಡ್ಲಿಕ್ಕೆ ಹೇಳ್ರಿ. ಮೈಕ್ ಸ್ಟೇಜ್ ಹತ್ರ ಇದ್ರ ಪ್ರಶ್ನೆ ಕೇಳವ್ರು ಬರೇ ಪ್ರೊಫೆಸರ್ ಇರ್ತಾರ. ಹುಡುಗಿ ಹೋಗಿ ಬಾಜೂಕ ನಿಂತ್ರ ಹೆಣ್ಮಕ್ಕಳು ಕೇಳ್ತಾರ, ನಾ ಎಷ್ಟೋ ಸರ್ತಿ ನೋಡೇನಿ.

ಕರೆಂಟ್ ಹೋಗೋದನ್ನ ಲೆಕ್ಕಕ್ಕ ಹಿಡೀರಿ. ಬ್ಯಾಟರಿ ಮ್ಯಾಲೆ ನಡಿಯೋ ಆಂಪ್ಲಿಫೈಯರ್ ತರಾಂವ ಇದ್ರ ಅವನ್ನ ಕರೀರಿ. ಮಿಕ್ಸರ್‌ನಿಂದ ಒಂದು ವೈರ್ ಎಳದು ಫೋನಿಗೆ ಹಚ್ಚಿದ್ರ ರೆಕಾರ್ಡಿಂಗ್ ಸ್ವಚ್ಛ ಬರ್ತದ. ಹಾಲಿನ್ಯಾಗ ಫೋನ್ ಹಿಡದು ಮಾಡಿದ್ದು ಯಾರಿಗೂ ಕೇಳ್ಸೂದಿಲ್ಲ.

ರೊಕ್ಕದ್ದೂ ಒಂದ ಮಾತು. ನಮ್ಮ ಕಡೆ ದತ್ತಿ ಅಂದ್ರ ತಂದಿ ತಾಯಿ ಹೆಸರ್ಲೆ ಒಂದಿಷ್ಟು ರೊಕ್ಕ ಠೇವು ಇಡ್ತಾರ, ಅದರ ಬಡ್ಡಿಯೊಳಗ ವರ್ಷಕ್ಕೊಂದು ಉಪನ್ಯಾಸ. ನಿಮ್ಮೂರಾಗೂ ಮೆಣಸಿನಕಾಯಿ ವ್ಯಾಪಾರದವ್ರು, ರಿಟೈರ್ಡ್ ಮಾಸ್ತರು ಇರ್ತಾರ, ಕೇಳಿ ನೋಡ್ರಿ. ಆದ್ರ ಮೊದಲ ಬರದ ಇಡ್ರಿ: ದಾನಿಗಳ ಬಗ್ಗೆ ಐದು ನಿಮಿಷ, ಉಳಿದದ್ದು ವಿಷಯ. ಇಲ್ಲಂದ್ರ ಪೂರ್ತಿ ಹೊತ್ತು ಅವರ ಮನಿತನದ ಚರಿತ್ರೆನ ಆಗ್ತದ.

ಬಿ.ಎಂ. ಶ್ರೀಕಂಠಯ್ಯನವರು 1911ರಾಗ ನಮ್ಮ ವಿದ್ಯಾವರ್ಧಕ ಸಂಘದಾಗ ಬಂದು ಕನ್ನಡ ಹೆಂಗ ಬೆಳೀಬೇಕು ಅಂತ ಮಾತಾಡಿದ್ರು. ಆವಾಗ ಮೈಕ್ ಎಲ್ಲಿಂದ ಬರಬೇಕ್ರಿ! ಬರೇ ಕೊಳ್ಳಿನ ಮ್ಯಾಲೆ ಆಡಿದ ಆ ಮಾತು ಇವತ್ತಿಗೂ ಉಳದದ. ಆಡೋರ ಕಡೆ ಹೇಳೋದಿದ್ರ ನನ್ನ ಸಾಮಾನು ಎರಡನೇ ಮಾತು.

ಅಡಿಕೆಸಾಲು ಉತ್ತರಿಸಿದ್ದು:

ನಾನು ಸಾಗರದ ಕಡೆಯ ಹೈಸ್ಕೂಲ್ ಮೇಷ್ಟ್ರು. ಹೆಗ್ಗೋಡು ನಮಗೆ ಹತ್ತಿರ, ಹಾಗಾಗಿ ಅಲ್ಲಿನ ನಾಟಕ ಸಂಘ ನೀನಾಸಂ ನೋಡುತ್ತಲೇ ದೊಡ್ಡವನಾದೆ. ಅದು ವಿಶ್ವವಿದ್ಯಾಲಯವಲ್ಲ, ಆದರೆ ಮೇಡಂ ಕೇಳಿದ್ದಕ್ಕೆ ಅಲ್ಲಿ ಉತ್ತರ ಇದೆ.

ಅಡಿಕೆ ತೋಟದ ಊರಿನಲ್ಲಿ 1949ರಲ್ಲಿ ಹುಟ್ಟಿದ ಸಂಘ ಅದು. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಅಲ್ಲಿ ಚಿತ್ರಸಮಾಜ ಕಟ್ಟಿದರು. ಹಳ್ಳಿಯವರಿಗೆ ಜಗತ್ತಿನ ಸಿನಿಮಾ ಯಾಕೆ, ಅವರಿಗೆ ಅರ್ಥವಾಗುತ್ತದೆಯೇ ಎಂದು ಕೇಳಿದವರು ಬಹಳ ಜನ. ಅವರು ತೋರಿಸಿದರು, ಕನ್ನಡದಲ್ಲಿ ವಿವರಿಸಿದರು, ಜನ ಕೂತು ನೋಡಿದರು. ತೋಟದ ಕೆಲಸ ಮುಗಿಸಿ ಬಂದವರು ಬಂಗಾಳದ ಒಂದು ಹಳ್ಳಿಯ ಬಡತನ ನೋಡಿ ಇದು ನಮ್ಮ ಮನೆಯ ಕಥೆ ಅಂದದ್ದನ್ನು ನಮ್ಮ ಅಪ್ಪಯ್ಯ ಹೇಳುತ್ತಿದ್ದರು.

ಅಲ್ಲಿನ ಸಂಸ್ಕೃತಿ ಶಿಬಿರ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ನಡೆಯುತ್ತಿತ್ತು. ಅದರ ಕ್ರಮದಲ್ಲಿ ಒಂದು ಗುಟ್ಟು ಇದೆ. ರಾತ್ರಿ ನಾಟಕ. ಮರುದಿನ ಬೆಳಿಗ್ಗೆ ಮೊದಲ ಕೆಲಸ ಆ ನಾಟಕದ ಬಗ್ಗೆ ಮಾತು. ಎಲ್ಲರೂ ಒಂದೇ ವಸ್ತುವನ್ನು ನೋಡಿ ಬಂದಿರುತ್ತಾರೆ. ಯು.ಆರ್. ಅನಂತಮೂರ್ತಿಯವರು ಮಾತಾಡಿದ ಮೇಲೂ ನಮ್ಮೂರಿನ ಸೊಸೈಟಿ ಕಾರ್ಯದರ್ಶಿ ಎದ್ದು ನಿಂತು, ನನಗೆ ಹಾಗೆ ಕಾಣಲಿಲ್ಲ ಅನ್ನಬಹುದಿತ್ತು. ಯಾಕೆಂದರೆ ಅವನೂ ನೋಡಿದ್ದ! ನೋಡಿದವನಿಗೆ ಮಾತಾಡುವ ಹಕ್ಕು ಬರುತ್ತದೆ. ಬರೀ ಉಪನ್ಯಾಸವಾದರೆ ಓದಿದವರು ಮಾತ್ರ ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಸುದ್ದಿಮನೆಯವರ ವಿಡಿಯೊದಲ್ಲಿ ಇಲ್ಲದ್ದು ಇದೇ. ಒಬ್ಬೊಬ್ಬರೇ ನೋಡುವುದಕ್ಕೂ ಹತ್ತಾರು ಜನ ಕೂತು ನೋಡಿ ಅಲ್ಲೇ ಜಗಳವಾಡುವುದಕ್ಕೂ ಬಹಳ ಅಂತರ. ಹೆಣ್ಣುಮಕ್ಕಳ ವಿಷಯದಲ್ಲಿ ಅವರು ಹೇಳಿದ್ದು ಮಾತ್ರ ಪೂರಾ ಸರಿ, ಅದಕ್ಕೆ ಬೇರೆ ಹೊತ್ತು ಹುಡುಕಬೇಕು.

ಹಾಗಾಗಿ ಮೇಡಂ, ಉಪನ್ಯಾಸಕ್ಕೆ ಮುಂಚೆ ಏನಾದರೊಂದನ್ನು ಜನರ ಮುಂದೆ ಇಡಿ. ನಿಮ್ಮ ಜಿಲ್ಲೆಯಲ್ಲೇ ಶಿಶುನಾಳ ಇದೆ. ಶರೀಫಜ್ಜನ ತತ್ವಪದಗಳನ್ನು ಭಜನಾ ಮೇಳದವರು ಹಾಡುವ ಧಾಟಿ ಒಂದು. ಸಿ. ಅಶ್ವಥ್ ಅವರು ಕ್ಯಾಸೆಟ್ಟಿಗೆ ಹಾಡಿದ ಧಾಟಿ ಇನ್ನೊಂದು. ನಮ್ಮ ಮಲೆನಾಡಿಗೆ ಶರೀಫರು ಬಂದದ್ದು ಕ್ಯಾಸೆಟ್ಟಿನಿಂದಲೇ, ಅದಕ್ಕೆ ಮೊದಲು ನಮ್ಮ ಮನೆಯಲ್ಲಿ ಅವರ ಹೆಸರು ಯಾರೂ ಕೇಳಿರಲಿಲ್ಲ. ಕ್ಯಾಸೆಟ್ಟು ಆ ಪದವನ್ನು ಇಡೀ ನಾಡಿಗೆ ಹಂಚಿತು. ಅದೇ ಹೊತ್ತಿಗೆ ಕೂತು ಹಾಡುವವರು ಕೇಳುವವರಾದರೇ? ಏಕತಾರಿ, ದಮ್ಮಡಿ, ತಾಳದ ಜಾಗಕ್ಕೆ ವಾದ್ಯಗೋಷ್ಠಿ ಬಂದಾಗ ಪದದ ಅರ್ಥದ ಮೇಲೆ ಏನಾಯಿತು? ರಾತ್ರಿಯಿಡೀ ಒಂದು ಪದಕ್ಕೆ ಇನ್ನೊಂದು ಪದ ಜವಾಬು ಕೊಡುತ್ತಾ ಸಾಗುವ ಭಜನೆಯನ್ನು ಐದು ನಿಮಿಷದ ಹಾಡಾಗಿ ಕತ್ತರಿಸಿದಾಗ ಏನು ಉಳಿಯಿತು? ಕಲೆ, ಮಾಧ್ಯಮ, ಸಮಾಜ ಮೂರೂ ಇದರಲ್ಲಿ ಇವೆ. ಮೊದಲು ಮೇಳದವರಿಂದ ಒಂದು ಪದ ಹಾಡಿಸಿ, ಅದೇ ಪದದ ಕ್ಯಾಸೆಟ್ಟು ಕೇಳಿಸಿ, ಆಮೇಲೆ ಮಾತಿಗೆ ಬಿಡಿ.

ವರದಾತೀರ ಮತ್ತೆ ಬರೆದದ್ದು:

ಎಲ್ಲರಿಗೂ ಶರಣು. ಮೊದಲನೇ ಉಪನ್ಯಾಸ ಶರೀಫರ ಪದಗಳೇ ಅಂತ ತೀರ್ಮಾನವಾಯಿತು. ಈ ಯೋಚನೆ ನನಗೆ ಬಂದಿರಲಿಲ್ಲ, ಅಡಿಕೆಸಾಲು ಸರ್‌ಗೆ ಪ್ರತ್ಯೇಕ ನಮಸ್ಕಾರ.

ನಿನ್ನೆ ಸಂಜೆ ನಮ್ಮ ಓಣಿಯ ಭಜನಾ ಮೇಳದ ಹಿರಿಯರ ಹತ್ತಿರ ಹೋಗಿದ್ದೆ. ಕಾಲೇಜಿನವರು ಕರೆದರೆ ಹತ್ತು ನಿಮಿಷ ಹಾಡಿಸಿ ಕೆಳಗಿಳಿಸುತ್ತಾರೆ, ನಾವು ಬರುವುದಿಲ್ಲ ಅಂದರು. ಹಾಡಿದ ಮೇಲೆ ನೀವೂ ವೇದಿಕೆ ಮೇಲೆ ಕೂತು ಮಾತಾಡಬೇಕು, ಯಾವ ಪದವನ್ನು ಯಾರಿಂದ ಕಲಿತಿರಿ, ಕ್ಯಾಸೆಟ್ಟು ಬಂದ ಮೇಲೆ ನಿಮ್ಮ ಧಾಟಿ ಬದಲಾಯಿತೇ ಅಂತ ಹೇಳಬೇಕು ಅಂದೆ. ಅಜ್ಜಾರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದನ್ನ ಇಲ್ಲೀತನಕ ಯಾರೂ ಕೇಳಿಲ್ಲವಾ ತಂಗಿ’ ಅಂದರು. ಆಮೇಲೆ ಅಲ್ಲೇ ಒಂದು ಪದವನ್ನು ಎರಡು ರೀತಿಯಲ್ಲಿ ಹಾಡಿ ತೋರಿಸಿದರು. ಗುರುವಿನಿಂದ ಕಲಿತದ್ದರಲ್ಲಿ ಪಲ್ಲವಿ ಆದ ಮೇಲೆ ಎಲ್ಲರೂ ಕೂಡಿ ದನಿಗೂಡಿಸುವ ಜಾಗ ಇದೆ. ಈಗಿನ ಹುಡುಗರು ಅಲ್ಲಿ ನಿಲ್ಲುವುದೇ ಇಲ್ಲ, ಕ್ಯಾಸೆಟ್ಟಿನಲ್ಲಿ ಅಲ್ಲಿ ವಾದ್ಯ ಬರುತ್ತದೆ, ಅದಕ್ಕಾಗಿ ಕಾಯುತ್ತಾರೆ ಅಂದರು. ನಾನು ಇಷ್ಟು ವರ್ಷ ಮಾಧ್ಯಮ ಅಂತ ಪಾಠ ಮಾಡಿದ್ದೇನೆ, ಇಷ್ಟು ಸ್ಪಷ್ಟವಾಗಿ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಮುಖ್ಯ ಉಪನ್ಯಾಸಕ್ಕೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದವರನ್ನು ಕೇಳಬೇಕೆಂದಿದ್ದೇನೆ. ನಮ್ಮ ಜಿಲ್ಲೆಯಲ್ಲೇ ಇದೆ, ಬಸ್ಸಿನಲ್ಲಿ ಬಂದು ಹೋಗಬಹುದು. ಜಾಗ ಕಾಲೇಜಿನ ಸಭಾಂಗಣ ಅಲ್ಲ, ಪೇಟೆ ನಡುವೆ ಇರುವ ಗ್ರಂಥಾಲಯದ ಅಂಗಳ. ಸಂತೆ ಮಂಗಳವಾರ, ಅಂದು ಬೇಡ. ಭಾನುವಾರ ನಾಲ್ಕು ಗಂಟೆಗೆ ಶುರು, ಕತ್ತಲಾಗುವ ಮೊದಲು ಮುಗಿದರೆ ಹೆಣ್ಣುಮಕ್ಕಳು ಮನೆಗೆ ಹೋಗಬಹುದು. ಸ್ವಸಹಾಯ ಸಂಘದ ಅಕ್ಕಂದಿರನ್ನು ಕೇಳಿದ್ದಕ್ಕೆ ಅದೇ ಹೊತ್ತು ಅನುಕೂಲ ಅಂದರು. ಶಾಲು ಹಾರ ಇಲ್ಲ ಅಂತ ಪ್ರಿನ್ಸಿಪಾಲರಿಂದ ಒಪ್ಪಿಗೆ ತೆಗೆದುಕೊಂಡಿದ್ದೇನೆ, ಇದಕ್ಕೆ ಬಹಳ ವಾದ ಮಾಡಬೇಕಾಯಿತು. ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವ ಬದಲು ಪೇಂಟರ್ ಕಡೆಯಿಂದ ಎರಡು ಬಟ್ಟೆಯ ಬ್ಯಾನರ್ ಬರೆಸುತ್ತಿದ್ದೇನೆ. ಸುದ್ದಿಮನೆಯವರೇ, ರೆಕಾರ್ಡಿಂಗೂ ಮಾಡುತ್ತೇವೆ, ಬರಲಾಗದವರಿಗೆ ಬೇಕೇ ಬೇಕು. ಅದನ್ನು ಕತ್ತರಿಸಿ ಹೊಂದಿಸುವುದು ಹೇಗೆ ಅಂತ ನೀವು ನಮ್ಮ ಹುಡುಗರಿಗೆ ಒಂದು ದಿನ ಆನ್‌ಲೈನಿನಲ್ಲಿ ಹೇಳಿಕೊಡುತ್ತೀರಾ?

ಹಳೆಹೊತ್ತಿಗೆ ಸರ್, ಪುಸ್ತಿಕೆಯ ವಿಷಯದಲ್ಲಿ ಒಂದು ಅನುಮಾನ. ಹಾಡು, ಮೇಳದವರ ಮಾತು, ಉಪನ್ಯಾಸ ಮೂರೂ ಇರುವಾಗ ಅಚ್ಚು ಹಾಕುವುದು ಯಾವುದನ್ನು?

ಸುದ್ದಿಮನೆ ಉತ್ತರಿಸಿದ್ದು:

ಖಂಡಿತ ಹೇಳಿಕೊಡುತ್ತೇನೆ. ಎರಡು ಫೋನ್ ಸಾಕು, ಒಂದು ಹಾಡುವವರ ಕಡೆ, ಇನ್ನೊಂದು ಕೇಳುವವರ ಕಡೆ ಇಡಲು ಹೇಳಿ. ಧ್ವನಿಯನ್ನು ಮಿಕ್ಸರ್‌ನಿಂದಲೇ ತೆಗೆಯಿರಿ, ಧಾರವಾಡದವರು ಹೇಳಿದ್ದು ಸರಿ. ಎರಡು ಧಾಟಿಗಳನ್ನು ಒಂದರ ಹಿಂದೆ ಒಂದು ಹಾಡಿದ ಭಾಗವನ್ನು ಬೇರೆ ತುಣುಕಾಗಿ ಹಾಕಿ, ಅದನ್ನು ನಾನೇ ಹತ್ತು ಜನರಿಗೆ ಕಳಿಸುತ್ತೇನೆ. ಆದರೆ ಕ್ಯಾಸೆಟ್ಟಿನ ಹಾಡನ್ನು ವಿಡಿಯೊದಲ್ಲಿ ಉಳಿಸಬೇಡಿ. ಹಕ್ಕು ಕಂಪನಿಯದು, ಯೂಟ್ಯೂಬ್ ತಡೆಹಿಡಿಯಬಹುದು. ಅಂಗಳದಲ್ಲಿ ಕೇಳಿಸಿ, ಅಪ್‌ಲೋಡ್ ಮಾಡುವಾಗ ಆ ಭಾಗ ತೆಗೆದುಬಿಡಿ.

ಹಳೆಹೊತ್ತಿಗೆ ಉತ್ತರಿಸಿದ್ದು:

ಮೂರನ್ನೂ ಹಾಕಿ ಮೇಡಂ, ಆದರೆ ಕ್ರಮ ಹೀಗಿರಲಿ. ಮೊದಲು ಅಜ್ಜನವರ ಮಾತು, ಅವರು ಆಡಿದ ಹಾಗೆಯೇ, ನಿಮ್ಮ ಕಡೆಯ ಕನ್ನಡದಲ್ಲೇ. ತಿದ್ದಿ ಗ್ರಾಂಥಿಕ ಮಾಡಲು ಹೋಗಬೇಡಿ. ಆಮೇಲೆ ಆ ಪದದ ಪಾಠ, ದನಿಗೂಡಿಸುವ ಜಾಗಕ್ಕೆ ಒಂದು ಗುರುತು ಹಾಕಿ. ಅದಾದ ಮೇಲೆ ಉಪನ್ಯಾಸ, ಅದನ್ನು ಹದಿನೈದು ಪುಟ ದಾಟಲು ಬಿಡಬೇಡಿ. ಕಡೆಯಲ್ಲಿ ಜನ ಕೇಳಿದ ಪ್ರಶ್ನೆಗಳು. ನಮ್ಮ ಹಳೆಯ ಮಾಲೆಯಲ್ಲಿ ನನಗೆ ಕಾಣದ್ದು ಇದೊಂದೇ. ಅಷ್ಟು ಊರುಗಳಲ್ಲಿ ಅಷ್ಟು ಜನ ಏನು ಕೇಳಿದರು ಎಂಬುದು ಎಲ್ಲೂ ದಾಖಲಾಗಿಲ್ಲ, ನನ್ನ ಬಳಿ ಇರುವುದು ಆ ಪೆನ್ಸಿಲ್ ಗೆರೆ ಮಾತ್ರ. ಉತ್ತರ ಸಿಗದ ಪ್ರಶ್ನೆ ಇದ್ದರೂ ಪ್ರಶ್ನೆಯನ್ನು ಹಾಕಿ, ಕೇಳಿದವರು ಒಪ್ಪಿದರೆ ಅವರ ಕಸುಬನ್ನೂ ಹಾಕಿ.

ರೆಕಾರ್ಡಿಂಗನ್ನು ಬರಹಕ್ಕೆ ಇಳಿಸುವ ಕೆಲಸ ವಿದ್ಯಾರ್ಥಿಗಳಿಗೆ ಹಂಚಿ, ಒಬ್ಬೊಬ್ಬರಿಗೆ ಹತ್ತು ನಿಮಿಷದ ಮಾತು. ಪತ್ರಿಕೋದ್ಯಮ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ಕರಡಚ್ಚು ನನಗೆ ಕಳಿಸಿ, ತಿದ್ದಿ ಕೊಡುತ್ತೇನೆ. ಮೊದಲ ಪುಸ್ತಿಕೆಯ ಕಾಗದದ ಖರ್ಚು ನನ್ನದು, ಬೇಡ ಅನ್ನಬೇಡಿ. ಹೆಸರು ಹಾಕಬೇಕಾಗಿಲ್ಲ. ಒಂದು ಪ್ರತಿ ನಿಮ್ಮ ತಾಲ್ಲೂಕು ಗ್ರಂಥಾಲಯಕ್ಕೆ, ಒಂದು ಮೇಳದ ಪ್ರತಿಯೊಬ್ಬರಿಗೆ, ಎರಡು ನನಗೆ ಅಂಚೆಯಲ್ಲಿ ಬರಲಿ.